ಮಿಷನ್ ಬೀಚ್: ಬೇಸಿಗೆಯ ಅಳತೆಗೆ ಗೀಟೆಳೆದ ಊರು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ದಕ್ಷಿಣ ಕೊನೆಯಲ್ಲಿರುವ ಸ್ಯಾನ್ ಡಿಯೇಗೊ ನಗರದ ಪಶ್ಚಿಮ ಅಂಚಿಗೆ ಮಿಷನ್ ಬೀಚ್ ಎಂಬ ಬಡಾವಣೆ ಇದೆ. ಅದರ ಪಡುವಣಕ್ಕೆ ಪೆಸಿಫಿಕ್ ಮಹಾಸಾಗರ, ಮೂಡಣಕ್ಕೆ ಮಿಷನ್ ಬೇ ಎಂಬ ಕೊಲ್ಲಿ, ತೆಂಕಣ ತುದಿಯಲ್ಲಿ ಎರಡೂ ನೀರು ಕೂಡುವ ಅಳಿವೆ. ಬಡಗಣದಲ್ಲಿ ಮಾತ್ರ ಅದು ಗಟ್ಟಿ ನೆಲಕ್ಕೆ ಅಂಟಿಕೊಂಡಿದೆ. ಉದ್ದ ಸುಮಾರು 3 ಕಿ.ಮೀ. ಅಗಲ ತೀರ ಕಡಿಮೆ. ತೆರೆ ಅಪ್ಪಳಿಸುವ ದಡದಿಂದ ಹೊರಟು ನಿಧಾನವಾಗಿ ನಡೆದರೂ ಕೆಲವೇ ನಿಮಿಷಗಳಲ್ಲಿ ಕೊಲ್ಲಿಯ ತಣ್ಣನೆಯ ನಿಂತ ನೀರು ಸಿಗುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಇಂಥ ಮರಳ ನಾಲಿಗೆಯನ್ನು ಬೆಂಗ್ರೆ ಎನ್ನುತ್ತಾರೆ. ಮಂಗಳೂರಿನ ಬೆಂಗ್ರೆ, ಉಡುಪಿ ಬಳಿಯ ಕೋಡಿಬೆಂಗ್ರೆಗಳನ್ನು ಕಂಡವರಿಗೆ ಮಿಷನ್ ಬೀಚಿನ ನೆಲದ ಸ್ವರೂಪವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪಟ್ಟಿಯನ್ನು ಕಟ್ಟಿದ್ದು ಒಂದು ಹೊಳೆ ಮತ್ತು ಕಡಲಿನ ಅಲೆಗಳು. ಒಳನಾಡಿನ ಬೆಟ್ಟಗಳಿಂದ ಇಳಿದು ಬರುವ ಸ್ಯಾನ್ ಡಿಯೇಗೊ ನದಿ ತಂದ ಮಣ್ಣು ಮರಳನ್ನು ತೀರದುದ್ದಕ್ಕೂ ಹರಿಯುವ ಕಡಲ ಸೆಳೆತ ಹರಡಿ ದಿಬ್ಬ ಮಾಡಿತು. ದಿಬ್ಬದ ಹಿಂದೆ ಉಳಿದದ್ದು ಜವುಗು, ಕೆಸರು ಬಯಲು, ಉಬ್ಬರಕ್ಕೆ ತುಂಬಿ ಇಳಿತಕ್ಕೆ ಬರಿದಾಗುವ ಕಾಲುವೆಗಳು. ಈ ನಾಡಿನ ಮೂಲ ನಿವಾಸಿಗಳಾದ ಕುಮಿಯಾಯ್ ಜನ ಸಾವಿರಾರು ವರ್ಷ ಈ ಜವುಗಿನ ಅಂಚಿನಲ್ಲಿ ಬಾಳಿದರು. ಚಿಪ್ಪು ಆಯುವುದು, ಮೀನು ಹಿಡಿಯುವುದು ಅವರ ದಿನದ ಕಸುಬು. ಕೊಲ್ಲಿಯ ಈಶಾನ್ಯ ಮೂಲೆಯಲ್ಲಿ ತೊರೆಯೊಂದು ಬಂದು ಸೇರುವ ಕಡೆ ಅವರ ದೊಡ್ಡ ಹಳ್ಳಿ ಇತ್ತು. ಅವರು ನೆಲೆ ನಿಂತದ್ದು ಸಿಹಿನೀರು ಸಿಗುವ ಒಳದಂಡೆಯಲ್ಲಿ ಎಂಬುದನ್ನು ಗಮನಿಸಬೇಕು. ಬರೀ ಮರಳಿನ ಹೊರ ಪಟ್ಟಿಯ ಮೇಲೆ ಕಾಯಂ ಊರು ಕಟ್ಟುವ ಯೋಚನೆ 20ನೇ ಶತಮಾನದವರೆಗೆ ಯಾರಿಗೂ ಗಟ್ಟಿಯಾಗಿ ಬಂದಂತಿಲ್ಲ.

ಸ್ಪೇನಿನ ಹಡಗುಗಳು ಈ ಕರಾವಳಿಗೆ ಮೊದಲು ಬಂದದ್ದು 1542ರಲ್ಲಿ, ಹ್ವಾನ್ ರೋಡ್ರಿಗೆಸ್ ಕಬ್ರಿಯೊನ ನೇತೃತ್ವದಲ್ಲಿ. ಸ್ವಲ್ಪ ತೆಂಕಣಕ್ಕೆ ಇರುವ ಸ್ಯಾನ್ ಡಿಯೇಗೊ ಬಂದರು ಆಳವಾದ, ಸುರಕ್ಷಿತವಾದ ತಂಗುದಾಣ. ಅದನ್ನು ಹುಡುಕಿ ಬಂದ ನಾವಿಕರು ಬಡಗಣದ ಈ ತಗ್ಗು ನೀರನ್ನೇ ಬಂದರೆಂದು ತಿಳಿದು ಮೋಸಹೋಗುತ್ತಿದ್ದರು. ಹೀಗಾಗಿ ನಕಾಶೆಗಳಲ್ಲಿ ಅದಕ್ಕೆ ‘ಸುಳ್ಳು ಕೊಲ್ಲಿ’ ಎಂಬ ಅರ್ಥದ ಹೆಸರು ಬಿತ್ತು, ಮೂರು ಶತಮಾನಕ್ಕೂ ಮೀರಿ ಉಳಿಯಿತು. ಈಗಿನ ಹೆಸರು ಬಂದದ್ದು 1880ರ ದಶಕದ ಕೊನೆಯಲ್ಲಿ. ಪಕ್ಕದ ಪೆಸಿಫಿಕ್ ಬೀಚಿನಲ್ಲಿ ನೆಲೆಸಿದ್ದ ಕವಯಿತ್ರಿ ರೋಸ್ ಹಾರ್ಟ್‌ವಿಕ್ ಥಾರ್ಪ್ ತಮ್ಮ ಕವಿತೆಯೊಂದರಲ್ಲಿ ಅದನ್ನು ಮಿಷನ್ ಬೇ ಎಂದು ಕರೆದರು. 1769ರಲ್ಲಿ ಸ್ಪೇನಿನ ಪಾದ್ರಿಗಳು ಸ್ಥಾಪಿಸಿದ ಸ್ಯಾನ್ ಡಿಯೇಗೊ ಮಿಷನ್ನಿನ ನೆನಪು ಆ ಹೆಸರಿನಲ್ಲಿತ್ತು. ಜಮೀನು ವ್ಯಾಪಾರ ಭರದಿಂದ ಸಾಗಿದ್ದ ಆ ಹೊತ್ತಿನಲ್ಲಿ ‘ಸುಳ್ಳು’ ಎಂಬ ಮಾತು ಯಾವ ನಿವೇಶನಕ್ಕೂ ಒಪ್ಪುವಂಥದ್ದಾಗಿರಲಿಲ್ಲ. ಹೊಸ ಹೆಸರು ಬಹು ಬೇಗ ನೆಲೆಯೂರಿತು.

ಕೊಲ್ಲಿಯ ಹೆಸರಿಗಿಂತ ಮೊದಲೇ ಅದರ ಹಣೆಬರಹವನ್ನು ಬದಲಿಸಿದ್ದು ನದಿಯ ತಿರುವು. ಸ್ಯಾನ್ ಡಿಯೇಗೊ ನದಿಗೆ ಒಂದೇ ಅಳಿವೆ ಇರಲಿಲ್ಲ. ಕೆಲ ಕಾಲ ಬಡಗಣದ ಸುಳ್ಳು ಕೊಲ್ಲಿಗೂ, ದೊಡ್ಡ ನೆರೆ ಬಂದಾಗ ಹಾದಿ ಬದಲಿಸಿ ತೆಂಕಣದ ಬಂದರಿಗೂ ಅದು ಹರಿಯುತ್ತಿತ್ತು. ಬಂದರಿಗೆ ಹರಿದಾಗಲೆಲ್ಲ ಹೂಳು ತುಂಬಿ ಹಡಗುಗಳ ದಾರಿ ಕಟ್ಟುವ ಭಯ. 1853ರಲ್ಲಿ ಸೇನೆಯ ಎಂಜಿನಿಯರ್ ಲೆಫ್ಟಿನೆಂಟ್ ಜಾರ್ಜ್ ಡರ್ಬಿ ಮಣ್ಣಿನ ಒಡ್ಡು ಹಾಕಿಸಿ ನದಿಯನ್ನು ಸುಳ್ಳು ಕೊಲ್ಲಿಯತ್ತ ತಿರುಗಿಸಿದ. ಜಾನ್ ಫೀನಿಕ್ಸ್ ಎಂಬ ಕಾವ್ಯನಾಮದಲ್ಲಿ ಹಾಸ್ಯ ಬರೆಹಗಳನ್ನು ಬರೆದು ಹೆಸರಾದವನೂ ಇವನೇ. ಎರಡೇ ವರ್ಷದಲ್ಲಿ ನೆರೆ ಬಂದು ಒಡ್ಡನ್ನು ಕೊಚ್ಚಿಕೊಂಡು ಹೋಯಿತು. 1876–77ರಲ್ಲಿ ಕಟ್ಟಿದ ಗಟ್ಟಿ ಒಡ್ಡು ನಿಂತಿತು. ಆ ಮೇಲೆ ನದಿಯ ಹೂಳೆಲ್ಲ ಬಂದರನ್ನು ಬಿಟ್ಟು ಈ ಕೊಲ್ಲಿಯ ಪಾಲಾಯಿತು. ಒಂದು ಊರಿನ ಬಂದರು ಉಳಿಯಲೆಂದು ಇನ್ನೊಂದು ನೀರು ತುಂಬಿಹೋಗಲು ಬಿಟ್ಟ ಈ ತೀರ್ಮಾನದ ಫಲವನ್ನು ಮಿಷನ್ ಬೀಚು ಮುಂದೆ ಹಲವು ದಶಕ ಉಂಡಿತು.

ಮರಳ ಪಟ್ಟಿಯನ್ನು ನಿವೇಶನಗಳಾಗಿ ವಿಂಗಡಿಸಿದ್ದು 1914ರಲ್ಲಿ. ಇದರ ಹಿಂದಿದ್ದ ಬಂಡವಾಳಗಾರರಲ್ಲಿ ಮುಖ್ಯನಾದವನು ಜಾನ್ ಡಿ. ಸ್ಪ್ರೆಕಲ್ಸ್. ತಂದೆ ಕ್ಲಾಸ್ ಸ್ಪ್ರೆಕಲ್ಸ್ ಸಕ್ಕರೆ ಉದ್ಯಮದಿಂದ ಅಪಾರ ಸಂಪತ್ತು ಗಳಿಸಿದ್ದ. ಮಗ ಆ ಹಣವನ್ನು ಸ್ಯಾನ್ ಡಿಯೇಗೊದಲ್ಲಿ ಬಿತ್ತಿದ. ಊರಿನ ಪತ್ರಿಕೆ, ಬಂದರಿನ ಆಚೆಯ ಕೊರೊನಾಡೊದ ಪ್ರಸಿದ್ಧ ಹೋಟೆಲು, ವಿದ್ಯುತ್ ಟ್ರಾಮ್ ಕಂಪನಿ ಎಲ್ಲವೂ ಅವನ ಕೈಯಲ್ಲಿದ್ದವು. ಟ್ರಾಮ್ ಹೋಗುವ ಕಡೆ ನಿವೇಶನ, ನಿವೇಶನ ಇರುವ ಕಡೆ ಟ್ರಾಮ್ ಎಂಬುದು ಆ ಕಾಲದ ಅಮೆರಿಕದ ಹಲವು ನಗರಗಳು ಬೆಳೆದ ಬಗೆ. ಅದೇ ವೇಳೆಗೆ ಅಳಿವೆಯ ಆಚೆಯ ಓಷನ್ ಬೀಚಿನಿಂದ ಮಿಷನ್ ಬೀಚಿಗೆ ಮರದ ಸೇತುವೆಯೊಂದು ಎದ್ದಿತು. ಅಲ್ಲಿಯವರೆಗೆ ಬಡಗಣದಿಂದ ಮಾತ್ರ ತಲುಪಬಹುದಾಗಿದ್ದ ಪಟ್ಟಿ ಎರಡೂ ಕಡೆಯಿಂದ ತೆರೆದುಕೊಂಡಿತು.

1914ರಲ್ಲಿ ಕಾಗದದ ಮೇಲೆ ಎಳೆದ ಗೀಟುಗಳೇ ಈ ಊರಿನ ನಿಜವಾದ ಸಂವಿಧಾನ. ಪಟ್ಟಿಯ ನಡುವೆ ಉದ್ದಕ್ಕೂ ಒಂದು ಮುಖ್ಯ ರಸ್ತೆ, ಮಿಷನ್ ಬೂಲೆವಾರ್ಡ್. ಅದಕ್ಕೆ ಅಡ್ಡಲಾಗಿ ಕಡಲಿನಿಂದ ಕೊಲ್ಲಿಯತ್ತ ಚಾಚಿದ ಚಿಕ್ಕ ಚಿಕ್ಕ ಓಣಿಗಳು. ಇವುಗಳಲ್ಲಿ ಹೆಚ್ಚಿನವು ಕಾಲ್ನಡಿಗೆಯವು, ಕಾರು ಬರುವುದು ಹಿತ್ತಿಲ ಕಡೆಯ ಗಲ್ಲಿಯಲ್ಲಿ. ಮನೆಗಳು ಓಣಿಗೆ ಮುಖಮಾಡಿ ಎದುರುಬದುರು ನಿಂತಿವೆ. ಓಣಿಗಳಿಗೆ ದೂರದೂರದ ಕಡಲೂರು, ದ್ವೀಪಗಳ ಹೆಸರು: ಡೋವರ್, ಬ್ರೈಟನ್, ಆಸ್ಟೆಂಡ್, ಲಿವರ್‌ಪೂಲ್, ಜಮೈಕಾ, ಜಾಂಜಿಬಾರ್. ನಿವೇಶನಗಳಂತೂ ಅಮೆರಿಕದ ಲೆಕ್ಕಕ್ಕೆ ಬಹಳ ಸಣ್ಣವು. ಬಡಗಣ ಭಾಗದಲ್ಲಿ ಒಂದೊಂದರ ವಿಸ್ತೀರ್ಣ ಸುಮಾರು 1,250 ಚದರ ಅಡಿ, ಎಂದರೆ ಬೆಂಗಳೂರಿನವರು ಹೇಳುವ ಮೂವತ್ತು-ನಲವತ್ತರ ಸೈಟಿನಷ್ಟು. ವರ್ಷವಿಡೀ ಸಂಸಾರ ಮಾಡುವ ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ ಅಳತೆ ಇದಲ್ಲ. ಬೇಸಿಗೆಯಲ್ಲಿ ಬಂದು ನಾಲ್ಕು ವಾರ ಇದ್ದು ಹೋಗುವವರ ಗುಡಿಸಲಿಗೆ ಇಷ್ಟು ಸಾಕೆಂಬ ಲೆಕ್ಕ.

ಮೊದಲು ಬಂದದ್ದು ಗುಡಾರಗಳು. 1916ರ ಹೊತ್ತಿಗೆ ಇಲ್ಲಿ ‘ಟೆಂಟ್ ಸಿಟಿ’ ಎದ್ದಿತ್ತು. ಕೊರೊನಾಡೊದಲ್ಲಿ 1900ರಿಂದ ನಡೆಯುತ್ತಿದ್ದ ಇಂಥದೇ ಗುಡಾರದೂರು ಸ್ಪ್ರೆಕಲ್ಸನಿಗೆ ಲಾಭ ತಂದಿತ್ತು. ದುಬಾರಿ ಹೋಟೆಲಿಗೆ ಹೋಗಲಾರದ ಮಧ್ಯಮ ವರ್ಗದವರು ಬಾಡಿಗೆಗೆ ಗುಡಾರ ಹಿಡಿದು ಕಡಲ ಗಾಳಿ ಕುಡಿದು ಹೋಗುತ್ತಿದ್ದರು. 1916 ಸ್ಯಾನ್ ಡಿಯೇಗೊದ ನೆನಪಿನಲ್ಲಿ ಉಳಿದದ್ದು ಮಾತ್ರ ಬೇರೊಂದು ಕಾರಣಕ್ಕೆ. ಬರದಿಂದ ಕಂಗೆಟ್ಟ ನಗರಸಭೆ ಮಳೆ ತರಿಸುತ್ತೇನೆಂದ ಚಾರ್ಲ್ಸ್ ಹ್ಯಾಟ್‌ಫೀಲ್ಡ್ ಎಂಬಾತನಿಗೆ ಮೊರೇನಾ ಜಲಾಶಯ ತುಂಬಿಸಿದರೆ 10,000 ಡಾಲರ್ ಎಂದು ಬಾಯಿಮಾತಿನ ಒಪ್ಪಂದ ಮಾಡಿತ್ತು. ಆ ಜನವರಿಯಲ್ಲಿ ಸುರಿದ ಮಳೆಗೆ ಲೋಯರ್ ಒಟೈ ಅಣೆಕಟ್ಟೆಯೇ ಒಡೆಯಿತು, ಸ್ಯಾನ್ ಡಿಯೇಗೊ ನದಿ ಕಣಿವೆಯನ್ನೆಲ್ಲ ಮುಳುಗಿಸಿತು. ಹ್ಯಾಟ್‌ಫೀಲ್ಡನಿಗೆ ಹಣ ಸಿಗಲಿಲ್ಲ. ನದಿ ಹೊತ್ತು ತಂದ ಕೆಸರು ಎಂದಿನಂತೆ ಮಿಷನ್ ಬೇಯನ್ನು ಸೇರಿತು.

ನಿವೇಶನಗಳ ಮಾರಾಟ ಮಾತ್ರ ಬಂಡವಾಳಗಾರರು ಎಣಿಸಿದ ವೇಗದಲ್ಲಿ ಸಾಗಲಿಲ್ಲ. ಜನರನ್ನು ಇಲ್ಲಿಯವರೆಗೆ ಎಳೆದು ತರಲು ಒಂದು ನೆಪ ಬೇಕಿತ್ತು. ಸ್ಪ್ರೆಕಲ್ಸ್ ಕಂಡುಕೊಂಡ ಉಪಾಯ ಮನರಂಜನಾ ಕೇಂದ್ರ. 1924ರಲ್ಲಿ ಅವನ ಕಂಪನಿಯ ಟ್ರಾಮ್ ಹಳಿ ಮಿಷನ್ ಬೀಚನ್ನು ಹಾದು ಬಡಗಣದ ಲಾ ಹೋಯಾವರೆಗೆ ಓಡತೊಡಗಿತು. 1925ರಲ್ಲಿ ಪಟ್ಟಿಯ ನಟ್ಟನಡುವೆ ಕೇಂದ್ರದ ಬಾಗಿಲು ತೆರೆಯಿತು. ಅಲ್ಲಿ ನೃತ್ಯಶಾಲೆ ಇತ್ತು, ಸ್ಪೇನ್ ಶೈಲಿಯ ಕಮಾನುಗಳ ಕಟ್ಟಡದೊಳಗೆ ‘ಪ್ಲಂಜ್’ ಎಂಬ ಈಜುಕೊಳ ಇತ್ತು. 175 ಅಡಿ ಉದ್ದ, 60 ಅಡಿ ಅಗಲದ ಆ ಕೊಳಕ್ಕೆ ಆಗ ತುಂಬುತ್ತಿದ್ದದ್ದು ಉಪ್ಪುನೀರು. ಎಡಕ್ಕೆ ಕೊಲ್ಲಿ, ಬಲಕ್ಕೆ ಮಹಾಸಾಗರ ಇರುವ ಊರಿನಲ್ಲಿ ಮತ್ತೊಂದು ಉಪ್ಪುನೀರಿನ ಕೊಳ ಏಕೆ ಎಂದು ಕೇಳಬಹುದು. ಪೆಸಿಫಿಕ್ಕಿನ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಸೆಳೆತ ಬಲವಾಗಿರುತ್ತದೆ. ಆಗಿನ ಕೊಲ್ಲಿಯಲ್ಲಿ ಈಜುವುದಕ್ಕಿಂತ ಕೆಸರಲ್ಲಿ ಹೂತುಹೋಗುವುದೇ ಹೆಚ್ಚು. ಬೆಚ್ಚಗಿನ, ತಳ ಕಾಣುವ ನೀರಿಗೆ ಜನ ದುಡ್ಡು ಕೊಟ್ಟು ಬಂದರು.

ಅದೇ ವರ್ಷ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದು, ‘ಜೈಂಟ್ ಡಿಪ್ಪರ್’ ಓಡತೊಡಗಿತು. ಫ್ರಾಂಕ್ ಪ್ರಯರ್ ಮತ್ತು ಫ್ರೆಡ್ರಿಕ್ ಚರ್ಚ್ ರೂಪಿಸಿದ, ಪೂರ್ತಿ ಮರದ ಆಧಾರದ ಮೇಲೆ ನಿಂತ ರೋಲರ್ ಕೋಸ್ಟರ್ ಅದು. ಹಳಿಯ ಉದ್ದ 2,600 ಅಡಿ, ತಗುಲಿದ ವೆಚ್ಚ 1,50,000 ಡಾಲರ್. ತಗ್ಗು ಮನೆಗಳ ನಡುವೆ ಬಿಳಿ ಮರದ ಬೆಟ್ಟದಂತೆ ಎದ್ದ ಈ ರಚನೆ ಊರಿನ ಗುರುತಾಯಿತು. 1928ರಲ್ಲಿ ಕಡಲ ಬದಿಗೆ ಕಾಂಕ್ರೀಟಿನ ತಡೆಗೋಡೆ ಮತ್ತು ಅದರ ಮಗ್ಗುಲಿಗೆ ನಡೆಹಾದಿ ಬಂದವು. ಕಡಲ ಬದಿಯ ಹಾದಿಯಲ್ಲಿ ಸಂತೆಯ ಸದ್ದು, ಕೊಲ್ಲಿ ಬದಿಯ ಹಾದಿಯಲ್ಲಿ ವಿರಾಮ. ಒಂದೇ ಊರಿನ ಈ ಎರಡು ಸ್ವಭಾವಗಳು ಅಂದಿನಿಂದಲೂ ಉಳಿದುಬಂದಿವೆ.

ಸ್ಪ್ರೆಕಲ್ಸ್ ತನ್ನ ಕೇಂದ್ರದ ಎರಡನೇ ಬೇಸಿಗೆಯನ್ನು ಪೂರ್ತಿ ಕಾಣಲಿಲ್ಲ. 1926ರ ಜೂನ್‌ನಲ್ಲಿ ತೀರಿಕೊಂಡ. ಅವನ ಬಳಿಕ ಮನರಂಜನಾ ಕೇಂದ್ರ ಸಾರ್ವಜನಿಕ ಸ್ವತ್ತಾಯಿತು. ಆರ್ಥಿಕ ಕುಸಿತದ ವರ್ಷಗಳಲ್ಲಿ ನಿವೇಶನಗಳ ಬೆಲೆ ಬಿತ್ತು, ಕಾರುಗಳು ಹೆಚ್ಚಿದಂತೆ ಟ್ರಾಮಿನ ಆದಾಯ ಇಳಿಯಿತು. 1940ರಲ್ಲಿ ಲಾ ಹೋಯಾ ಟ್ರಾಮ್ ನಿಂತುಹೋಯಿತು.

ಬೇಸಿಗೆ ಗುಡಿಸಲುಗಳನ್ನು ನಿಜವಾದ ಮನೆಗಳನ್ನಾಗಿ ಮಾಡಿದ್ದು ಎರಡನೇ ಮಹಾಯುದ್ಧ. ನೌಕಾನೆಲೆಯೂ ವಿಮಾನ ಕಾರ್ಖಾನೆಗಳೂ ಇದ್ದ ಸ್ಯಾನ್ ಡಿಯೇಗೊಗೆ ದೇಶದ ನಾನಾ ಕಡೆಯಿಂದ ಜನ ಹರಿದುಬಂದರು. 1940ರಲ್ಲಿ 2,03,341 ಇದ್ದ ನಗರದ ಜನಸಂಖ್ಯೆ 1950ರಲ್ಲಿ 3,34,387 ಆಯಿತು. ತಲೆಯ ಮೇಲೊಂದು ಸೂರು ಸಿಕ್ಕರೆ ಸಾಕೆನ್ನುವ ಕಾಲ. ತೆಳು ಹಲಗೆಯ ಗೋಡೆಯ, ಚಳಿಗೆ ಬೆಂಕಿಗೂಡೂ ಇಲ್ಲದ ಮನೆಗಳಲ್ಲಿ ಕಾರ್ಮಿಕರು, ನಾವಿಕರ ಕುಟುಂಬಗಳು ವರ್ಷವಿಡೀ ಇರತೊಡಗಿದವು. ಮಿಷನ್ ಬೀಚ್ ಒಂದು ‘ನೆರೆಹೊರೆ’ ಎನಿಸಿಕೊಂಡದ್ದು ಆಗ. ಬಾಗಿಲು ತೆರೆದರೆ ಎದುರು ಮನೆಯ ಅಡುಗೆ ವಾಸನೆ ಬರುವಷ್ಟು ಕಿರಿದಾದ ಓಣಿಗಳಲ್ಲಿ ಪರಿಚಯ ಬೇಡವೆಂದರೂ ಬೆಳೆಯುತ್ತದೆ.

ಯುದ್ಧ ಮುಗಿದ ಮೇಲೆ ನಗರದ ಕಣ್ಣು ಕೊಲ್ಲಿಯ ಮೇಲೆ ಬಿತ್ತು. ನೌಕಾಪಡೆಯೊಂದನ್ನೇ ನೆಚ್ಚಿಕೊಂಡರೆ ಮುಂದೆ ಕಷ್ಟ, ಪ್ರವಾಸೋದ್ಯಮವೂ ಬೇಕು ಎಂಬುದು ಆಗಿನ ವಾದ. 1945ರಲ್ಲಿ ಮತದಾರರು 20 ಲಕ್ಷ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಆ ಮುಂದಿನ ಒಂದೂವರೆ ದಶಕ ಹೂಳೆತ್ತುವ ಯಂತ್ರಗಳು ಎರಡೂವರೆ ಕೋಟಿ ಘನ ಗಜ ಮರಳು ಕೆಸರನ್ನು ಮೇಲೆತ್ತಿದವು. ಎತ್ತಿದ್ದನ್ನು ಹೊರಗೆ ಸಾಗಿಸಲಿಲ್ಲ, ಕೊಲ್ಲಿಯೊಳಗೇ ರಾಶಿ ಹಾಕಿ ದ್ವೀಪ, ದಂಡೆಗಳನ್ನು ಮಾಡಿದರು. ನದಿಗೆ ಕೊಲ್ಲಿಯ ತೆಂಕಣಕ್ಕೆ ಪ್ರತ್ಯೇಕ ಕಾಲುವೆ ಕೊಟ್ಟು, ಕಲ್ಲಿನ ಒಡ್ಡುಗಳ ನಡುವೆ ನೇರ ಕಡಲಿಗೆ ಬಿಟ್ಟರು. 1870ರ ದಶಕದಲ್ಲಿ ಕೊಲ್ಲಿಗೆ ಕಟ್ಟಿಹಾಕಿದ್ದ ಹೊಳೆಯನ್ನು ಹೀಗೆ ಕೊಲ್ಲಿಯಿಂದ ಬಿಡಿಸಿದಂತಾಯಿತು. 1960ರ ದಶಕದ ಆರಂಭಕ್ಕೆ 4,235 ಎಕರೆಯ ಮಿಷನ್ ಬೇ ಉದ್ಯಾನ ಸಿದ್ಧವಾಯಿತು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ನೀರು, ಅರ್ಧ ನೆಲ, 27 ಮೈಲಿ ದಂಡೆ. 1964ರಲ್ಲಿ ಅದರ ತೆಂಕಣ ಅಂಚಿನಲ್ಲಿ ಸೀವರ್ಲ್ಡ್ ಎಂಬ ಕಡಲಜೀವಿಗಳ ವಿಹಾರಧಾಮ ತೆರೆಯಿತು.

ಈ ಕೆಲಸದ ಗಾತ್ರ ಬೆರಗು ಹುಟ್ಟಿಸುವಂಥದ್ದು. ಕಳೆದುಕೊಂಡದ್ದೂ ಅಷ್ಟೇ ದೊಡ್ಡದು. ಕುಮಿಯಾಯ್ ಜನರನ್ನು ಸಾಕಿದ್ದ, ಸಾವಿರಾರು ಎಕರೆ ಹರಡಿದ್ದ ಜವುಗಿನಲ್ಲಿ ಉಳಿದದ್ದು ಬಡಗಣದ ಕೆಂಡಾಲ್-ಫ್ರಾಸ್ಟ್ ಎಂಬ ಸುಮಾರು 40 ಎಕರೆಯ ತುಣುಕು. ಅಪರೂಪದ ಜವುಗುಕೋಳಿಯೊಂದು ಈಗಲೂ ಅಲ್ಲಿ ಗೂಡು ಕಟ್ಟುತ್ತದೆ. ಕೆಸರನ್ನು ಕಸವೆಂದೇ ಎಣಿಸಿದ್ದ ಆ ಕಾಲದ ಎಂಜಿನಿಯರುಗಳಿಗೆ ಜವುಗಿನ ಬೆಲೆ ಗೊತ್ತಿರಲಿಲ್ಲ. ಮಿಷನ್ ಬೀಚಿನವರ ಪಾಲಿಗೆ ಮೂಡಣ ಬಾಗಿಲಿನ ನೋಟವೇ ಬದಲಾಯಿತು. ಇಳಿತದಲ್ಲಿ ನಾರುತ್ತಿದ್ದ ಕೆಸರು ಬಯಲಿನ ಜಾಗದಲ್ಲಿ ಹಾಯಿದೋಣಿ ತೇಲುವ ನೀಲಿ ನೀರು ಬಂತು, ಹಿತ್ತಿಲೆನಿಸಿದ್ದ ಕೊಲ್ಲಿ ಬದಿಗೂ ಕಡಲ ಬದಿಯಂತೆ ಬೆಲೆ ಏರತೊಡಗಿತು.

ಇದೇ ಯೋಜನೆಯಲ್ಲಿ ಓಷನ್ ಬೀಚಿನ ಹಳೆಯ ಮರದ ಸೇತುವೆಯೂ ಹೋಯಿತು. ಅಳಿವೆಯನ್ನು ದೋಣಿಗಳಿಗೆ ತೆರೆಯಲು 1951ರಲ್ಲಿ ಅದನ್ನು ಕೆಡವಿದರು. ವಾಹನಗಳ ದಾರಿ ಒಳಗಿನ ಹೊಸ ಸೇತುವೆಗಳ ಮೇಲೆ ತಿರುಗಿತು. ಊರ ನಡುವೆ ಹಾದುಹೋಗುತ್ತಿದ್ದ ಹೆದ್ದಾರಿ ಇಲ್ಲವಾಗಿ ತೆಂಕಣ ಭಾಗ ಕೊನೆಮುಟ್ಟಿದ ಓಣಿಯಂತಾಯಿತು. ಅಲ್ಲಿನವರಿಗೆ ಈ ನಷ್ಟ ನೆಮ್ಮದಿಯನ್ನೇ ತಂದಿತು. ಇಂದಿಗೂ ತೆಂಕಣ ಮಿಷನ್ ಬೀಚು ಬಡಗಣಕ್ಕಿಂತ ಶಾಂತವಾಗಿದೆ. ನೇರ ನೋಟದಲ್ಲಿ ಕೂಗಳತೆಯಷ್ಟು ಹತ್ತಿರವೆನಿಸುವ ಓಷನ್ ಬೀಚಿಗೆ ಅಲ್ಲಿಂದ ಕೊಲ್ಲಿಯನ್ನು ಸುತ್ತಿಕೊಂಡೇ ಹೋಗಬೇಕು.

1950ರ ದಶಕದ ಮರಳ ದಂಡೆಯ ಬದುಕಿಗೆ ಒಂದು ಆಟ ಸಾಕ್ಷಿಯಾಗಿ ಉಳಿದಿದೆ. ವಾಲಿಬಾಲ್ ಅಂಗಣ ಖಾಲಿಯಾಗಲೆಂದು ಕಾಯುತ್ತಿದ್ದ ಯುವಕರು ಮರಳಿನಲ್ಲಿ ಗೆರೆ ಎಳೆದು, ಮೂವರು ಮೂವರ ತಂಡ ಕಟ್ಟಿ, ಚೆಂಡನ್ನು ಗೆರೆ ದಾಟಿಸಿ ಹೊಡೆಯುವ ಆಟವೊಂದನ್ನು ಕಟ್ಟಿಕೊಂಡರು. ಓಡುವುದಿಲ್ಲ, ಜಾಗವೂ ಹೆಚ್ಚು ಬೇಡ. ‘ಓವರ್ ದ ಲೈನ್’ ಎಂಬ ಆ ಆಟದ ಪಂದ್ಯಾವಳಿಯನ್ನು ಓಲ್ಡ್ ಮಿಷನ್ ಬೀಚ್ ಅಥ್ಲೆಟಿಕ್ ಕ್ಲಬ್ 1954ರಿಂದ ನಡೆಸಿಕೊಂಡು ಬಂದಿದೆ. ತಂಡಗಳು ಹೆಚ್ಚಿದಂತೆ ಮಿಷನ್ ಬೀಚಿನ ದಂಡೆ ಸಾಲದೆ, ಹೂಳೆತ್ತಿ ಮಾಡಿದ ಫಿಯೆಸ್ಟಾ ದ್ವೀಪಕ್ಕೆ ಅದು ಸ್ಥಳಾಂತರವಾಯಿತು.

1972ರಲ್ಲಿ ಸ್ಯಾನ್ ಡಿಯೇಗೊದ ಮತದಾರರು ಕರಾವಳಿ ಭಾಗದಲ್ಲಿ 30 ಅಡಿಗಿಂತ ಎತ್ತರದ ಕಟ್ಟಡ ಕೂಡದೆಂಬ ಕಾನೂನು ಮಾಡಿಕೊಂಡರು. ಮಯಾಮಿಯ ತೀರದಂತೆ ಇಲ್ಲೂ ಗೋಪುರಗಳ ಗೋಡೆ ಏಳಬಹುದೆಂಬ ಅಂಜಿಕೆ ಅದರ ಹಿಂದಿತ್ತು. ಅದೇ ವರ್ಷ ರಾಜ್ಯದ ಮತದಾರರು ಕರಾವಳಿ ಆಯೋಗವನ್ನೂ ತಂದರು. ಮಿಷನ್ ಬೀಚಿನ ಪಾಲಿಗೆ ಇವು ಜೀವದಾನವೇ ಸರಿ. ಕಾನೂನು ಇಲ್ಲದಿದ್ದರೆ ಸಣ್ಣ ನಿವೇಶನಗಳನ್ನು ಕೂಡಿಸಿ ಬಹುಮಹಡಿ ಕಟ್ಟಲು ಹಣವಂತರಿಗೆ ಕಷ್ಟವಿರಲಿಲ್ಲ. ಹಳೆಯ ಗುಡಿಸಲುಗಳ ಜಾಗದಲ್ಲಿ ಎರಡು ಮೂರು ಅಂತಸ್ತಿನ ಮನೆಗಳು ಎದ್ದವಾದರೂ 1914ರ ಗೀಟುಗಳು ಅಳಿಯಲಿಲ್ಲ.

ಆ ಹೊತ್ತಿಗೆ ಮನರಂಜನಾ ಕೇಂದ್ರ ‘ಬೆಲ್ಮಾಂಟ್ ಪಾರ್ಕ್’ ಎಂಬ ಹೆಸರಿನಲ್ಲಿ ಕೊನೆಯುಸಿರು ಎಳೆಯುತ್ತಿತ್ತು. 1976ರಲ್ಲಿ ಜೈಂಟ್ ಡಿಪ್ಪರ್ ನಿಂತಿತು. ಬಣ್ಣ ಹೋದ ಮರದ ಹಂದರವನ್ನು ಕೆಡವುವ ಮಾತು ಬಂದಾಗ ನಾಗರಿಕರು ಸಮಿತಿ ಕಟ್ಟಿಕೊಂಡು ಅದನ್ನು ಉಳಿಸಲು ಹೊರಟರು. 1978ರಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೂ, 1987ರಲ್ಲಿ ರಾಷ್ಟ್ರೀಯ ಸ್ಮಾರಕಗಳ ಸಾಲಿಗೂ ಅದು ಸೇರಿತು. ದುರಸ್ತಿಯಾಗಿ 1990ರ ಆಗಸ್ಟ್ 11ರಂದು ಮತ್ತೆ ಓಡಿತು. ಸ್ಮಾರಕವೆಂದರೆ ಕಲ್ಲಿನ ದೇಗುಲ, ಅರಮನೆ ಎಂದುಕೊಂಡವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಮೋಜಿಗಾಗಿ ಹುಟ್ಟಿದ ಊರಿನಲ್ಲಿ ಅದಕ್ಕಿಂತ ತಕ್ಕ ಸ್ಮಾರಕ ಬೇರೊಂದಿಲ್ಲ. ಪ್ಲಂಜಿನ ಹಳೆಯ ಕಟ್ಟಡಕ್ಕೆ ಆ ಭಾಗ್ಯ ಇರಲಿಲ್ಲ. 1980ರ ದಶಕದಲ್ಲಿ ಅದನ್ನು ಕೆಡವಿ ಹೊಸದಾಗಿ ಕಟ್ಟಿದರು. 2014ರಲ್ಲಿ ಮುಚ್ಚಿದ ಕೊಳ 2019ರಲ್ಲಿ ಪುನಃ ತೆರೆಯಿತು.

ಇರುವವರಿಗೂ ಬಂದುಹೋಗುವವರಿಗೂ ನಡುವಿನ ಜಗ್ಗಾಟ ಈ ಊರಿಗೆ ಹುಟ್ಟಿನಿಂದಲೇ ಬಂದದ್ದು. ಬೇಸಿಗೆಯ ಶನಿವಾರ ಭಾನುವಾರ ಕಾರು ನಿಲ್ಲಿಸಲು ಜಾಗವಿಲ್ಲ, ರಾತ್ರಿ ಗದ್ದಲ ನಿಲ್ಲುವುದಿಲ್ಲ ಎಂಬ ದೂರುಗಳು ಹಳೆಯವು. 2007ರಲ್ಲಿ ನೆರೆಯ ಪೆಸಿಫಿಕ್ ಬೀಚಿನಲ್ಲಿ ಕುಡಿದ ಜನರ ದೊಂಬಿ ನಡೆದ ಮೇಲೆ ನಗರಸಭೆ ಕಡಲ ದಂಡೆಗಳಲ್ಲಿ ಮದ್ಯಕ್ಕೆ ತಡೆ ಹಾಕಿತು. 2008ರ ನವೆಂಬರಿನಲ್ಲಿ ಮತದಾರರು ಅದನ್ನು ಕಾಯಂ ಮಾಡಿದರು. ಇಂಟರ್ನೆಟ್ ಮೂಲಕ ಮನೆಗಳನ್ನು ದಿನದ ಬಾಡಿಗೆಗೆ ಕೊಡುವ ರೂಢಿ ಬಂದ ಮೇಲೆ ಜಗ್ಗಾಟ ತೀವ್ರವಾಯಿತು. ತಿಂಗಳ ಬಾಡಿಗೆಯ ಕುಟುಂಬಕ್ಕಿಂತ ರಾತ್ರಿ ಲೆಕ್ಕದ ಪ್ರವಾಸಿಗಳಿಂದ ಮಾಲೀಕನಿಗೆ ಎಷ್ಟೋ ಪಟ್ಟು ಹೆಚ್ಚು ಹಣ. ಓಣಿಗಳಲ್ಲಿ ಮಕ್ಕಳು ಕಡಿಮೆಯಾದ ಪ್ರಕ್ರಿಯೆ ಅದಕ್ಕೂ ಮೊದಲೇ ಶುರುವಾಗಿತ್ತು. ಊರಿನ ಪ್ರಾಥಮಿಕ ಶಾಲೆ 20ನೇ ಶತಮಾನದ ಕೊನೆಗೇ ಮುಚ್ಚಿತ್ತು, ಬಳಿಕ ಆ ಜಾಗವನ್ನೂ ಮನೆಗಳಿಗಾಗಿ ಮಾರಿದರು. ಶಾಲೆಯ ಗಂಟೆ ನಿಂತ ಊರು ಒಂದು ಪೀಳಿಗೆಯನ್ನು ಕಳೆದುಕೊಂಡಂತೆಯೇ.

2018ರಲ್ಲಿ ನಗರಸಭೆ ತಂದ ಬಿಗಿಯಾದ ನಿಯಮಗಳು ವಿರೋಧಿಗಳ ಸಹಿ ಸಂಗ್ರಹದಿಂದ ಬಿದ್ದುಹೋದವು. 2021ರಲ್ಲಿ ಒಪ್ಪಿಗೆ ಪಡೆದ ಹೊಸ ಕಾನೂನು 2023ರ ಮೇ 1ರಂದು ಜಾರಿಗೆ ಬಂತು. ಅದರ ಪ್ರಕಾರ ನಗರದ ಉಳಿದೆಡೆ ಇಡೀ ಮನೆಗಳನ್ನು ಅಲ್ಪಾವಧಿ ಬಾಡಿಗೆಗೆ ಕೊಡುವ ಪರವಾನಗಿ ಒಟ್ಟು ಮನೆಗಳ ಶೇ. 1ರಷ್ಟಕ್ಕೆ ಸೀಮಿತ. ಮಿಷನ್ ಬೀಚಿಗೆ ಮಾತ್ರ ಶೇ. 30, ಎಂದರೆ ಸಾವಿರದ ಆಸುಪಾಸು ಮನೆಗಳು. ಊರು ಮೊದಲಿನಿಂದಲೂ ಪ್ರವಾಸಿಗಳದೇ ಎಂಬ ವಾದ ಈ ವಿನಾಯಿತಿಯ ಬೆನ್ನಿಗಿತ್ತು. ಚರಿತ್ರೆಯನ್ನು ನೋಡಿದರೆ ಆ ವಾದ ಅರ್ಧ ನಿಜ. ಯುದ್ಧಕಾಲದಿಂದ ಇಲ್ಲಿ ವರ್ಷವಿಡೀ ಬಾಳಿದವರ ಎರಡು ಮೂರು ತಲೆಮಾರು ಆ ಲೆಕ್ಕದಿಂದ ಹೊರಗುಳಿಯುತ್ತದೆ.

ನೀರಿನ ಲೆಕ್ಕ ಇದಕ್ಕಿಂತ ಬೇರೆ. ಚಳಿಗಾಲದಲ್ಲಿ ದೊಡ್ಡ ತೆರೆಗಳು ದಂಡೆಯ ಮರಳನ್ನು ಕಡಲೊಳಕ್ಕೆ ಎಳೆದೊಯ್ಯುತ್ತವೆ, ಬೇಸಿಗೆಯ ಸಣ್ಣ ಅಲೆಗಳು ಬಹುಮಟ್ಟಿಗೆ ಅದನ್ನು ಮರಳಿ ತರುತ್ತವೆ. ಚಳಿಗಾಲ ಬರುವ ಮೊದಲು ನಗರಸಭೆಯ ಬುಲ್ಡೋಜರುಗಳು ಕಡಲ ಬದಿಯಲ್ಲಿ ಮರಳಿನ ದಂಡೆ ಎತ್ತಿ ನಿಲ್ಲಿಸುತ್ತವೆ. ವರ್ಷದ ಅತಿ ಎತ್ತರದ ಉಬ್ಬರದ ದಿನಗಳಲ್ಲಿ ಅಪಾಯ ಹೆಚ್ಚಾಗಿ ಬರುವುದು ಎದುರು ಬಾಗಿಲಿನಿಂದಲ್ಲ, ಶಾಂತವಾದ ಕೊಲ್ಲಿಯ ಕಡೆಯಿಂದ. ಕಡಲ ಬದಿಗೆ ತಡೆಗೋಡೆ ಇದೆ, ಕೊಲ್ಲಿ ಬದಿಯ ನೆಲ ತಗ್ಗು. ಮಳೆನೀರು ಹೊರಹೋಗಲು ಹಾಕಿದ ಕೊಳವೆಗಳಲ್ಲಿ ಕೊಲ್ಲಿಯ ನೀರೇ ಹಿಮ್ಮುಖವಾಗಿ ಏರಿ ಓಣಿಗೆ ಬರುತ್ತದೆ. ಅದನ್ನು ತಡೆಯಲು ಕೊಳವೆಗಳಿಗೆ ತೂಬುಗಳಿವೆ. ಉಬ್ಬರದ ವೇಳಾಪಟ್ಟಿ ನೋಡಿ ನಗರಸಭೆಯ ಕೆಲಸಗಾರರು ಅವನ್ನು ಮುಚ್ಚುತ್ತಾರೆ, ನೀರು ಇಳಿದ ಮೇಲೆ ತೆರೆಯುತ್ತಾರೆ. ತೂಬು ಮುಚ್ಚಿದ ಹೊತ್ತಿನಲ್ಲೇ ಮಳೆ ಸುರಿದರೆ, ರಸ್ತೆಯಲ್ಲಿ ನಿಂತ ನೀರನ್ನು ಪಂಪು ಹಚ್ಚಿ ಕೊಲ್ಲಿಗೆ ಎತ್ತಿ ಹಾಕಬೇಕಾಗುತ್ತದೆ.